ಖಾಲಿ ಬಿಟ್ಟ ಗೋಡೆಯ ಕುರಿತು

ಮಾನ್ಯ ಸಂಪಾದಕರೇ,

ನಮ್ಮ ಡೊಂಬಿವಲಿಯ ಹಿರಿಯ ಚಿತ್ರಕಲಾವಿದರೊಬ್ಬರ ಪ್ರದರ್ಶನ ಮಾಟುಂಗದಲ್ಲಿ ಉದ್ಘಾಟನೆಗೊಂಡ ವರದಿಯನ್ನು ಕಳೆದ ಸೋಮವಾರದ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಕಲಾವಿದರ ಹೆಸರು, ಭಾವಚಿತ್ರಗಳೆಲ್ಲ ಅದರಲ್ಲಿ ಬಂದಿರುವುದರಿಂದ ಇಲ್ಲಿ ಮತ್ತೆ ಬರೆಯುವುದಿಲ್ಲ. ದೀಪ ಬೆಳಗಿಸಿದವರು ಯಾರು, ಶಾಲು ಹೊದಿಸಿದವರು ಯಾರು, ವಂದನಾರ್ಪಣೆ ಮಾಡಿದವರು ಯಾರು ಎಂಬುದನ್ನು ವರದಿ ಒಂದೂ ಬಿಡದೆ ಹೇಳಿದೆ; ಚಿತ್ರಗಳ ಬಗ್ಗೆ ಇರುವುದು ಒಂದೇ ವಾಕ್ಯ. ಮದ್ಯವ್ಯಸನದಿಂದ ಹೊರಬಂದ ಕಲಾವಿದರ ಕೈ ಈಗ ಸ್ಥಿರವಾಗಿದೆ ಎಂಬುದಕ್ಕೆ ಈ ಚಿತ್ರಗಳೇ ಸಾಕ್ಷಿ ಎಂಬ ಆ ಮಾತನ್ನು ವರದಿಗಾರರು ಸದುದ್ದೇಶದಿಂದಲೇ ಬರೆದಿರಬಹುದು. ಆದರೆ ಎರಡು ಮಧ್ಯಾಹ್ನಗಳನ್ನು ಆ ಚಿತ್ರಗಳ ಮುಂದೆ ಕಳೆದ ನನಗೆ ಅದು ಸರಿಯೆನಿಸಲಿಲ್ಲ. ಆ ಕೈ ಸ್ಥಿರವಾಗಿಲ್ಲ. ಪ್ರದರ್ಶನದ ಹುರುಳೆಲ್ಲ ಇರುವುದು ಅಲ್ಲಿಯೇ.

ಬಾಗಿಲ ಬಳಿ ಅವರೇ ಕನ್ನಡದಲ್ಲಿ ಬರೆದು ಅಂಟಿಸಿರುವ ಅರ್ಧ ಪುಟದ ಟಿಪ್ಪಣಿಯ ಪ್ರಕಾರ, 13ನೆಯ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದ ಅವರು ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಹೋಟೆಲಿನ ದರಪಟ್ಟಿ ಬರೆದುಕೊಟ್ಟದ್ದೇ ನೆಪವಾಗಿ ಬೋರ್ಡ್ ಬರೆಯುವ ಪೇಂಟರ್ ಆದರು. ಬೋರ್ಡ್ ಬರೆಯುವವರು ತುದಿಗೆ ಬಟ್ಟೆ ಸುತ್ತಿದ ಕೋಲೊಂದನ್ನು ಎಡಗೈಯಲ್ಲಿ ಹಿಡಿದು, ಅದರ ಮೇಲೆ ಬಲಗೈಯ ಮಣಿಕಟ್ಟನ್ನು ಊರಿ ಅಕ್ಷರದ ಅಂಚು ಎಳೆಯುತ್ತಾರೆ. ಹಸಿ ಬಣ್ಣಕ್ಕೆ ಕೈ ತಾಗಬಾರದು, ಗೆರೆ ಅಲುಗಬಾರದು ಎಂದು ಮಾಡಿಕೊಂಡ ಉಪಾಯವಿದು. ಕುಡಿತ ವಿಪರೀತವಾಗಿದ್ದ ವರ್ಷಗಳಲ್ಲಿ, ಬೆಳಗ್ಗೆ ಎದ್ದರೆ ಲೋಟ ಹಿಡಿಯಲಾಗದಷ್ಟು ಕೈ ನಡುಗುತ್ತಿದ್ದಾಗ, ಈ ಕೋಲೇ ತಮ್ಮ ಮಾನ ಕಾಯಿತು ಎಂದು ಅವರು ನನ್ನಲ್ಲಿ ಹೇಳಿದರು.

ಆ ಕಾಲದಲ್ಲಿ ತಮಗಾಗಿ ಬರೆದುಕೊಂಡ ಚಿತ್ರಗಳಲ್ಲಿಯೂ ಗೆರೆ ಚಾಕುವಿನಿಂದ ಕೊರೆದಂತಿದೆ. ಚಾಳಿನ ಕೋಣೆ, ಮೋರಿಯ ಪಕ್ಕದ ಹಿತ್ತಾಳೆ ಹಂಡೆ, ಗೂಟಕ್ಕೆ ತೂಗುಹಾಕಿದ ಅಂಗಿ, ಎಲ್ಲದರ ಬಲಕ್ಕೂ ಅಂಗಡಿ ಬೋರ್ಡಿನ ಅಕ್ಷರಕ್ಕೆ ಕೊಡುವಂಥ ದಪ್ಪ ಕಪ್ಪು ನೆರಳು. ಎದುರಿನ ಗೋಡೆಯಲ್ಲಿ ಇತ್ತೀಚಿನ ಚಿತ್ರಗಳಿವೆ: ಅದೇ ಕೋಣೆ, ಅದೇ ಹಂಡೆ, ಅದೇ ಅಂಗಿ. ಇವುಗಳಲ್ಲಿ ಗೆರೆ ಉದ್ದಕ್ಕೂ ಅದುರುತ್ತದೆ. ಹಂಡೆಯ ಬಾಯಂತೂ ನೀರಿನೊಳಗಿನಿಂದ ಕಂಡ ಹಾಗೆ ಸಣ್ಣಗೆ ಅಲೆಯಾಡುತ್ತದೆ. 70 ದಾಟಿದ ಅವರ ಕೈ ಈಗ ವಯಸ್ಸಿನಿಂದ ನಡುಗುತ್ತಿದೆ, ಕೋಲನ್ನು ಮಾತ್ರ ಅವರು ಮತ್ತೆ ಹಿಡಿದಿಲ್ಲ. ಅದು ಬಟ್ಟೆಯ ಗಂಟಿನಲ್ಲಿ ಒಣಗಿ ಉಳಿದ ಕೆಂಪು ಎನಾಮೆಲ್ ಸಮೇತ ಸಭಾಂಗಣದ ಮೇಜಿನ ಮೇಲಿದೆ. ನೇರವಾದ ಗೆರೆ ಕುಡಿತದ ದಿನಗಳದ್ದು, ಅದುರುವ ಗೆರೆ ಕುಡಿತ ಬಿಟ್ಟ ಮೇಲಿನದು. ಕೆಟ್ಟಿದ್ದವನು ಸರಿಹೋದ ಎಂಬ ಸಿದ್ಧ ಕತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಇವೆರಡೂ ಅದಲುಬದಲಾಗಿ ಕಂಡರೆ ಆಶ್ಚರ್ಯವಿಲ್ಲ.

ಎರಡು ಗೋಡೆಗಳನ್ನು ಕೂಡಿಸುವ, ಸುಮಾರು 8 ಅಡಿಯ ಅಡ್ಡಗೋಡೆಯನ್ನು ಕಲಾವಿದರು ಬೇಕೆಂದೇ ಖಾಲಿ ಬಿಟ್ಟಿದ್ದರಂತೆ. ಕುಡಿತ ಬಿಟ್ಟ ಮೇಲೆ 6 ವರ್ಷ ಅವರು ಒಂದು ಚಿತ್ರವನ್ನೂ ಬರೆಯಲಿಲ್ಲ. ಸರಿಯಾಗಿ ಆ ಹೊತ್ತಿಗೇ ಫ್ಲೆಕ್ಸ್ ಬಂದು, ಮೂರು ದಿನ ಕುಳಿತು ಬರೆಯುತ್ತಿದ್ದ ಬೋರ್ಡನ್ನು ಯಂತ್ರ ಒಂದೆರಡು ಗಂಟೆಯಲ್ಲಿ ಮುದ್ರಿಸಿಕೊಡಲು ಶುರುವಾಗಿ, ಇದ್ದ ಕಸುಬೂ ಕೈಬಿಟ್ಟಿತು. ಕುಡಿತ ಬಿಟ್ಟ ಮರುದಿನವೇ ಬದುಕು ಹಸನಾಗುತ್ತದೆ ಎಂದುಕೊಳ್ಳುವ ನಮ್ಮಂಥವರಿಗೆ ಆ ಖಾಲಿ ಗೋಡೆ ಏನೋ ಹೇಳುತ್ತಿತ್ತು. ಹೇಳುತ್ತಿತ್ತು ಎನ್ನಲು ಕಾರಣವಿದೆ. ಉದ್ಘಾಟನೆಯ ಬೆಳಗ್ಗೆ ವ್ಯವಸ್ಥಾಪಕರು ಜಾಗ ಸುಮ್ಮನೆ ಇದೆಯೆಂದು ಭಾವಿಸಿ, ಅತಿಥಿಗಳ ಮತ್ತು ದಾನಿಗಳ ಭಾವಚಿತ್ರಗಳಿರುವ ದೊಡ್ಡದೊಂದು ಬ್ಯಾನರನ್ನು ಅಲ್ಲಿ ಕಟ್ಟಿದ್ದಾರೆ. ಅದೂ ಫ್ಲೆಕ್ಸಿನದೇ. ಇದನ್ನು ಪ್ರಸ್ತಾಪಿಸಿದಾಗ ಕಲಾವಿದರು, 'ಇರಲಿ ಬಿಡಿ ಮಾರಾಯ್ರೆ, ಹಾಲ್ ಪುಕ್ಕಟೆ ಕೊಟ್ಟಿದ್ದಾರೆ' ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮುಂಬಯಿಯ ಕನ್ನಡಿಗರಿಗೂ ಚಿತ್ರಕಲೆಗೂ ದೂರ ಎನ್ನುವಂತಿಲ್ಲ. ಕಾಲಾಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಲ್ಲಿ ಆರಂಭವಾಗಲು ಸರ್ ಕಾವಸ್‌ಜಿ ಜಹಾಂಗೀರ್ ಅವರ ಮನವೊಲಿಸಿದವರಲ್ಲಿ ಹೋಮಿ ಭಾಭಾ ಅವರೊಂದಿಗೆ ಉಡುಪಿ ಸಮೀಪದ ಕಟ್ಟಿಂಗೇರಿಯ ಕೃಷ್ಣ ಹೆಬ್ಬಾರರೂ ಇದ್ದರು. ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿದ ಹೆಬ್ಬಾರರು, ಕೇರಳದ ಬದುಕನ್ನು ತುಂಬು ಬಣ್ಣಗಳಲ್ಲಿ ಬರೆದು ಹೆಸರು ಮಾಡಿದ ಮೇಲೂ ಪ್ಯಾರಿಸ್‌ಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಲಯ ತಿಳಿಯಬೇಕೆಂದು ಕಥಕ್ ಕಲಿತರು, ಕೊನೆಗೆ ಒಂದೇ ಓಟದ ಗೆರೆಯಲ್ಲಿ ನರ್ತಕಿಯನ್ನು ನಿಲ್ಲಿಸುವಷ್ಟು ಬದಲಾದರು. ಅವರ ಬದಲಾವಣೆಯನ್ನು ನಾವು ಗೆರೆಯಲ್ಲಿ, ಬಣ್ಣದಲ್ಲಿ ಗುರುತಿಸುತ್ತೇವೆ. ಬೋರ್ಡ್ ಬರೆದು ಬದುಕಿದವರ ಬದಲಾವಣೆಯನ್ನು ಮಾತ್ರ ನಡತೆಯಲ್ಲಿ ಗುರುತಿಸಿ ಮುಗಿಸಿಬಿಡುವುದು ಯಾವ ನ್ಯಾಯವೋ ತಿಳಿಯದು. ಯಕ್ಷಗಾನಕ್ಕೆ, ನಾಟಕಕ್ಕೆ ವಿಮರ್ಶೆ ಬರೆಸುವ ಪತ್ರಿಕೆ ಚಿತ್ರಪ್ರದರ್ಶನಕ್ಕೂ ಅಷ್ಟು ಜಾಗ ಕೊಟ್ಟರೆ ಓದುವವರು ಖಂಡಿತ ಇದ್ದಾರೆ.

ಪ್ರದರ್ಶನ ಬರುವ ಭಾನುವಾರದವರೆಗೆ ಇದೆ. ಬೆಳಗ್ಗೆ 11ರಿಂದ ಸಂಜೆ 6 ಎಂಬ ವೇಳೆ ಕಚೇರಿ ಮುಗಿಸಿ ಬರುವವರಿಗೆ ಅನುಕೂಲವಲ್ಲ. ಕಡೆಯ ಎರಡು ದಿನವಾದರೂ 8ರವರೆಗೆ ಬಾಗಿಲು ತೆರೆದಿಡಬೇಕೆಂದೂ, ಆ ಬ್ಯಾನರನ್ನು ಹೊರಗಿನ ಮೆಟ್ಟಿಲ ಬಳಿಗೆ ಸಾಗಿಸಿ ಗೋಡೆಯನ್ನು ಮೊದಲಿನಂತೆ ಖಾಲಿ ಬಿಡಬೇಕೆಂದೂ ವ್ಯವಸ್ಥಾಪಕರಲ್ಲಿ ನಿಮ್ಮ ಮೂಲಕ ವಿನಂತಿಸುತ್ತೇನೆ. ನಿಮ್ಮ ವರದಿಗಾರರೂ ಮತ್ತೊಮ್ಮೆ, ಈ ಬಾರಿ ಭಾಷಣಗಳಿಲ್ಲದ ಹೊತ್ತಿನಲ್ಲಿ, ಹೋಗಿ ಬರಲಿ.

ಹೋಗುವವರಿಗೆ ಒಂದು ಸೂಚನೆ. ಇತ್ತೀಚಿನ ಚಿತ್ರಗಳಲ್ಲಿ ಮೂರನೆಯದು ಕ್ಯಾನ್ವಾಸಿನ ಮೇಲಿಲ್ಲ. ಫ್ಲೆಕ್ಸ್ ಹಾಕಿಸಿಕೊಂಡ ಹೋಟೆಲಿನವರು ಬೇಡವೆಂದು ಹಿಂದಿರುಗಿಸಿದ, ಕಲಾವಿದರೇ ಹಿಂದೊಮ್ಮೆ ಬರೆದುಕೊಟ್ಟಿದ್ದ ಪ್ಲೈವುಡ್ ಬೋರ್ಡಿನ ಮೇಲಿದೆ. ಎದುರಿಗೆ ನಿಂತರೆ ಗೂಟ ಮತ್ತು ಅಂಗಿ ಮಾತ್ರ ಕಾಣುತ್ತವೆ. ಮಧ್ಯಾಹ್ನ 4ರ ಸುಮಾರಿಗೆ ಪಶ್ಚಿಮದ ಕಿಟಕಿಯ ಬೆಳಕು ಓರೆಯಾಗಿ ಬೀಳುವಾಗ ಎಡಪಕ್ಕಕ್ಕೆ ಸರಿದು ನೋಡಿದರೆ, ಅಂಗಿಯ ಎದೆಯ ಮೇಲೆ, ತೆಳುವಾದ ನೀಲಿಯ ಅಡಿಯಿಂದ, ದಪ್ಪ ಎನಾಮೆಲ್ಲಿನ ಮರಾಠಿ ಅಕ್ಷರಗಳು ಉಬ್ಬಿ ನಿಂತಿರುವುದು ಕಾಣುತ್ತದೆ. 'ರೈಸ್ ಪ್ಲೇಟ್ ತಯಾರಿದೆ' ಎಂದಿದೆ. ಒಂದು ಗೆರೆಯೂ ಅಲುಗಿಲ್ಲ.

ಇತಿ,
ನಿಮ್ಮ ಓದುಗ
ಡೊಂಬಿವಲಿ ಪೂರ್ವ