ಕಪ್ಪು ಹೊಗೆಗೆ ಇಸಿಯು ಬದಲಿಸುವ ಮುನ್ನ

ಮಾನ್ಯರೆ,

ಹಳೆಯ ಸ್ಪೋರ್ಟ್ಸ್ ಕಾರು ಕಪ್ಪು ಹೊಗೆ ಉಗುಳಿ, ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿದ ಕೂಡಲೇ ಇಸಿಯು (ಪೆಟ್ರೋಲ್ ಪ್ರಮಾಣ ನಿರ್ಧರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕೆಟ್ಟಿದೆ ಎನ್ನುವವರೇ ಹೆಚ್ಚು. ಕಪ್ಪು ಹೊಗೆಯೆಂದರೆ ಎಂಜಿನ್‌ಗೆ ಪೆಟ್ರೋಲ್ ಅತಿಯಾಗಿ ಹೋಗುತ್ತಿದೆ ಎಂದರ್ಥ. ಬಾಷ್ ಎಲ್-ಜೆಟ್ರಾನಿಕ್ ಎಂಬ ಹಳೆಯ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆ ಇರುವ ಡಾಟ್ಸನ್ 280ಝಡ್‌ನಂಥ ಕಾರುಗಳಲ್ಲಿ ದೋಷ ಬಹುತೇಕ ಬೇರೆಡೆ ಇರುತ್ತದೆ.

ಮೊದಲು ನೋಡಬೇಕಾದದ್ದು ಕೂಲೆಂಟ್ (ಎಂಜಿನ್ ತಣಿಸುವ ದ್ರವ) ತಾಪಮಾನದ ಸೆನ್ಸರ್. ಮಲ್ಟಿಮೀಟರ್ ಹಿಡಿದರೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸಬೇಕು. ಸೆನ್ಸರ್ ಚೆನ್ನಾಗಿದ್ದರೂ ಕನೆಕ್ಟರ್ ಪಿನ್ನಿಗೆ ಹಸಿರು ಕಿಲುಬು ಹತ್ತಿದ್ದರೆ ರೋಧ ಏರುತ್ತದೆ. ಆಗ ಎಂಜಿನ್ ಇನ್ನೂ ತಣ್ಣಗಿದೆಯೆಂದು ಲೆಕ್ಕ ಹಾಕಿ ಇಸಿಯು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಹಾಗಾಗಿ ವೈರಿನ ಇನ್ನೊಂದು ತುದಿಯಲ್ಲಿ, ಇಸಿಯು ಪ್ಲಗ್ ಬಳಿಯೂ ಇದೇ ಅಳತೆ ತೆಗೆಯಲೇಬೇಕು. ಇದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ನಂತರ ಪೆಟ್ರೋಲ್ ಒತ್ತಡ ನಿಯಂತ್ರಿಸುವ ಪ್ರೆಶರ್ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಳಚಿ ನೋಡಿ. ಒಳಗೆ ಪೆಟ್ರೋಲ್ ಪಸೆಯಿದ್ದರೆ ರೆಗ್ಯುಲೇಟರಿನೊಳಗಿನ ಡಯಾಫ್ರಮ್ (ತೆಳು ಪರದೆ) ಹರಿದಿದೆ. ಪೈಪ್ ಕಳಚಿದಾಗ ಪೆಟ್ರೋಲ್ ಒತ್ತಡದ ಗೇಜ್ ಸುಮಾರು 2.5 ಬಾರ್ ತೋರಿಸಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ರಿಟರ್ನ್ ಲೈನ್ (ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ಮರಳುವ ಪೈಪ್) ಕಟ್ಟಿಕೊಂಡಿರಬಹುದು.

ತಣ್ಣನೆಯ ಎಂಜಿನ್ ಶುರುಮಾಡಲು ಹೆಚ್ಚುವರಿ ಪೆಟ್ರೋಲ್ ಕೊಡುವ ಕೋಲ್ಡ್ ಸ್ಟಾರ್ಟ್ ಇಂಜೆಕ್ಟರ್ ಸೋರುತ್ತಿದ್ದರೆ ಅದರ ವೈರ್ ತೆಗೆದಷ್ಟರಿಂದಲೇ ಸೋರಿಕೆ ನಿಲ್ಲುವುದಿಲ್ಲ. ಎಂಜಿನ್ ತಣ್ಣಗಿರುವಾಗ, ಇಗ್ನಿಷನ್ ಕಾಯಿಲ್ ವೈರ್ ಬಿಡಿಸಿ, ಇಂಜೆಕ್ಟರನ್ನು ಹೊರತೆಗೆದು ಗಾಜಿನ ಬಾಟಲಿಯೊಳಗೆ ಇಳಿಬಿಟ್ಟು ಪಂಪ್ ಓಡಿಸಿ; ತೊಟ್ಟಿಕ್ಕಿದರೆ ಬದಲಿಸಿ.

ಎಂಜಿನ್‌ಗೆ ಹೋಗುವ ಗಾಳಿ ಅಳೆಯುವ ಏರ್ ಫ್ಲೋ ಮೀಟರಿನ ಕಪ್ಪು ಮುಚ್ಚಳ ತೆರೆದು ಸ್ಪ್ರಿಂಗಿನ ಹಲ್ಲುಚಕ್ರ ತಿರುಗಿಸುವುದನ್ನು ದಯವಿಟ್ಟು ನಿಲ್ಲಿಸಿ. ಮೂಲ ದೋಷ ಮುಚ್ಚಿಹೋಗುತ್ತದೆ, ಮುಂದೆ ದುರಸ್ತಿ ಮಾಡುವವರಿಗೆ ಆಧಾರವೇ ಉಳಿಯುವುದಿಲ್ಲ. ಗ್ಯಾರೇಜಿನವರು ಈ ಓಮ್, ಬಾರ್ ಅಂಕಿಗಳನ್ನು ಬಿಲ್ಲಿನಲ್ಲೇ ಬರೆದುಕೊಡಲಿ. ಮಾಲೀಕರೂ ಕೇಳಿ ಪಡೆಯಲಿ.

– ಓದುಗ