ಕಾನ್‌ಸ್ಟಾನ್ಷಿಯಾದಿಂದ ರಘುವಿಗೆ

ಪ್ರಿಯ ರಘು,

ನಾಲ್ಕು ಜನ ಓದುವ ಜಾಗ ಇದು, ಆದ್ದರಿಂದ ಛತ್ರಿಯ ಪ್ರಕರಣವನ್ನು ಎತ್ತುವುದಿಲ್ಲ. ಹೆದರಬೇಡ.

ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ದಕ್ಷಿಣದ ಅಂಚಿನಲ್ಲಿ, ಬೆಟ್ಟದ ಇಳಿಜಾರಿಗೆ ಒರಗಿಕೊಂಡು ದ್ರಾಕ್ಷಿ ತೋಟಗಳ ಕಾನ್‌ಸ್ಟಾನ್ಷಿಯಾ ಇದೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಸೈಮನ್ ವಾನ್ ಡೆರ್ ಸ್ಟೆಲ್ 1685ರಲ್ಲಿ ಪಡೆದ ಜಮೀನು. ಇಲ್ಲಿನ ಸಿಹಿ ವೈನನ್ನು ಸೇಂಟ್ ಹೆಲೆನಾ ದ್ವೀಪದ ಸೆರೆಯಲ್ಲಿದ್ದ ನೆಪೋಲಿಯನ್ ತರಿಸಿಕೊಂಡು ಕುಡಿಯುತ್ತಿದ್ದನಂತೆ. ಇದನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಇಲ್ಲಿಂದ ಹಾಕಿದ ಫೋಟೊದ ಕೆಳಗೆ ಅದನ್ನೇ ಬರೆದೆ, ನೀನು ನಗುವ ಚಿಹ್ನೆ ಒತ್ತಿದೆ.

ಈ ವೈನಿಗಾಗಿ ಮಸ್ಕಟ್ ಎಂಬ ಜಾತಿಯ ದ್ರಾಕ್ಷಿಯನ್ನು ಬಳ್ಳಿಯಲ್ಲೇ ಸುಕ್ಕುಗಟ್ಟಲು ಬಿಟ್ಟು ತಡವಾಗಿ ಕೊಯ್ಯುತ್ತಾರೆ. ಲೋಟ ವಾಲಿಸಿದರೆ ವೈನು ಗಾಜನ್ನು ಬಿಡಲೊಲ್ಲದೆ ಇಳಿಯುತ್ತದೆ. ರುಚಿಯನ್ನು ವರ್ಣಿಸುವ ನಾಲಿಗೆ ನನ್ನದಲ್ಲ, ನಿನಗೆ ಗೊತ್ತೇ ಇದೆ.

ಹಿಂದೆ ಆ ಬಳ್ಳಿಗಳನ್ನು ಕತ್ತರಿಸಿ ಸವರಿದವರು ಗುಲಾಮರು. ಬಂಗಾಳ, ಮಲಬಾರ್, ಕೋರಮಂಡಲದಿಂದಲೂ ಹಡಗಿನಲ್ಲಿ ತಂದ ಜನ. ಅವರ ಹೆಸರಿನ ಜೊತೆಗೆ ಅವರು ಬಂದ ಊರು, ಇಲ್ಲವೇ ಹೆಸರೇ ಬರಿಯ ತಿಂಗಳು: ಏಪ್ರಿಲ್, ಸೆಪ್ಟೆಂಬರ್. 1834ರಲ್ಲಿ ಗುಲಾಮಗಿರಿ ರದ್ದಾದರೂ 'ತರಬೇತಿ' ಎಂದು ಇನ್ನೂ ನಾಲ್ಕು ವರ್ಷ ದುಡಿಸಿಕೊಂಡರು. ಪರಿಹಾರ ಸಿಕ್ಕಿದ್ದು ಒಡೆಯರಿಗೆ! 1960ರ ದಶಕದಲ್ಲಿ ವರ್ಣಭೇದದ ಸರ್ಕಾರ ಇಲ್ಲಿದ್ದ ಕಪ್ಪು, ಮಿಶ್ರವರ್ಣದ ಕುಟುಂಬಗಳನ್ನು ಒಕ್ಕಲೆಬ್ಬಿಸಿ ಮರಳು ಬಯಲಾದ ಕೇಪ್ ಫ್ಲಾಟ್ಸ್‌ಗೆ ಅಟ್ಟಿತು. ಇಂದು ಇಲ್ಲಿರುವುದು ಎತ್ತರದ ಬೇಲಿ, ಓಕ್ ಮರ, ದುಬಾರಿ ಮನೆಗಳು.

ತಿಂಗಳ ಹೆಸರುಗಳನ್ನು ಓದುವಾಗ ನಮ್ಮ ತೋಟದ ಆಳುಗಳು ನೆನಪಾದರು. ಐತ, ಅಂಗಾರ, ತುಕ್ರ, ತನಿಯ. ತುಳುವಿನಲ್ಲಿ ಹುಟ್ಟಿದ ವಾರವೇ ಹೆಸರು. ಅದು ಬೇರೆ, ಇದು ಬೇರೆ ಎಂದು ನೀನು ವಾದ ಹೂಡುತ್ತೀಯೆ. ಹೌದು, ಬೇರೆಯೇ. ಆದರೆ ಅಂಗಾರ ಅಡಿಕೆ ಕೊನೆ ಇಳಿಸಿ ಅಂಗಳದ ಮೂಲೆಯಲ್ಲಿ ಬೊಗಸೆಯೊಡ್ಡಿ ನಿಂತಾಗ ಮೇಲಿನಿಂದ ನೀರು ಹೊಯ್ಯುತ್ತಿದ್ದವನು ನಾನು. ಚೊಂಬು ತಾಗದಂತೆ ಎಷ್ಟು ಎತ್ತರದಿಂದ ಹೊಯ್ಯಬೇಕು ಎಂಬುದು ನನ್ನ ಕೈಗೆ ಈಗಲೂ ಗೊತ್ತು. ಅವನ ಮಕ್ಕಳು ಎಲ್ಲಿದ್ದಾರೆಂದು ನಾನು ಒಮ್ಮೆಯೂ ಕೇಳಿದವನಲ್ಲ. ಡಚ್ಚರ ಮೇಲೆ ಮಾತ್ರ ಎಂಥ ಸಿಟ್ಟು ಬಂತು ಮಾರಾಯ!

ಇಷ್ಟೆಲ್ಲ ಬರೆಯುವ ಉದ್ದೇಶವಿರಲಿಲ್ಲ. ತಪ್ಪನ್ನು ವೈನಿನ ಮೇಲೆ ಹಾಕೋಣ, ಅದು ಎದುರು ಮಾತನಾಡುವುದಿಲ್ಲ. ನಿನಗೊಂದು ಬಾಟಲಿ ತರುತ್ತೇನೆ ಎಂದಿದ್ದೆನಲ್ಲ, ಬೆಲೆ ನೋಡಿದ ಮೇಲೆ ನಮ್ಮ ಸ್ನೇಹ ನಿಷ್ಕಾಮವಾದದ್ದು ಎಂದು ಮನವರಿಕೆಯಾಯಿತು. ಕಾರ್ಕ್ ಕೊಡುತ್ತೇನೆ, ಮೂಸಿಕೋ.

ನಿನ್ನ,
ಕಾರ್ಯದರ್ಶಿ (ಪ್ರಭಾರ)