ಮಗಳಿಗೊಂದು ಪತ್ರ: ಕ್ರಾಂತಿಗೆ ಪುಸ್ತಕವಷ್ಟೇ ಕಾರಣವೇ?

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ತತ್ವಚಿಂತಕರಾದ ರೂಸೋ, ವೋಲ್ಟೇರರ ಬರಹಗಳೇ ಫ್ರಾನ್ಸಿನ ಕ್ರಾಂತಿಗೆ ಕಾರಣವೆಂಬ ಮಾತನ್ನು ಒಪ್ಪಬಹುದೇ ಎಂದು ಕೇಳಿದ್ದೀಯೆ. ಅರ್ಧ ಒಪ್ಪು. ಸಾಮಾಜಿಕ ಒಪ್ಪಂದವನ್ನು ಕುರಿತ ರೂಸೋವಿನ ಗ್ರಂಥ 1762ರಲ್ಲೇ ಅಚ್ಚಾಗಿತ್ತು; ಕ್ರಾಂತಿ ಸಿಡಿದು ಪ್ಯಾರಿಸಿನ ಸೆರೆಮನೆಯಾಗಿದ್ದ ಬಾಸ್ಟಿಲ್ ಕೋಟೆ ಬಿದ್ದದ್ದು 1789ರಲ್ಲಿ. ಇಷ್ಟು ತಡವಾದದ್ದೇಕೆಂದು ತಿಳಿಯಲು ಬೊಕ್ಕಸದ ಲೆಕ್ಕವನ್ನೂ ಬ್ರೆಡ್ಡಿನ ಬೆಲೆಯನ್ನೂ ನೋಡಬೇಕು.

ಇಂಗ್ಲೆಂಡಿನ ಮೇಲಿನ ಹಗೆಯಿಂದ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಸಾಲ ಮಾಡಿ ಹಣ ಸುರಿದನು. (ದೊರೆಯೇ ಬೇಡವೆಂದ ಗಣರಾಜ್ಯವನ್ನು ದೊರೆಯೊಬ್ಬ ಕೈಹಿಡಿದು ಎತ್ತಿದ್ದು ವಿಚಿತ್ರವಲ್ಲವೇ?) 1788ರ ಹೊತ್ತಿಗೆ ಖರ್ಚಿನ ಅರ್ಧದಷ್ಟು ಸಾಲ ಮತ್ತು ಬಡ್ಡಿಗೇ ಹೋಗುತ್ತಿತ್ತು. ಆ ವರ್ಷದ ಆಗಸ್ಟ್ 10ರಂದು ನಮ್ಮ ಟಿಪ್ಪು ಸುಲ್ತಾನನ ರಾಯಭಾರಿಗಳು ಇಂಗ್ಲಿಷರ ವಿರುದ್ಧ ಸೇನಾ ನೆರವು ಕೋರಿ ವರ್ಸೇಲ್ಸ್ ಅರಮನೆಯಲ್ಲಿ ಲೂಯಿಯ ಮುಂದೆ ನಿಂತಿದ್ದರು. ಸ್ವಾಗತವೇನೋ ವೈಭವದಿಂದಲೇ ನಡೆಯಿತು. ಆದರೆ ವಾರ ಕಳೆಯುವುದರೊಳಗೆ ಬೊಕ್ಕಸವು ನಗದು ಪಾವತಿಯನ್ನು ತಡೆಹಿಡಿಯಿತು. ಅವರು ಕೇಳಿದ ಸೇನೆಯನ್ನು ಕೊಡುವ ಸ್ಥಿತಿಯಲ್ಲಿ ದೊರೆ ಇರಲಿಲ್ಲ.

ಹೊಸ ತೆರಿಗೆಯಿಲ್ಲದೆ ಗತಿಯಿರಲಿಲ್ಲ, ವಿನಾಯಿತಿ ಬಿಟ್ಟುಕೊಡಲು ಕುಲೀನರಿಗೂ ಪಾದ್ರಿಗಳಿಗೂ ಮನಸ್ಸಿರಲಿಲ್ಲ. ಆದ್ದರಿಂದ 1614ರ ನಂತರ ಸೇರದಿದ್ದ, ಪಾದ್ರಿಗಳು, ಕುಲೀನರು, ಉಳಿದ ಜನಸಾಮಾನ್ಯರು ಎಂಬ ಮೂರು ವರ್ಗಗಳ ಮಹಾಸಭೆಯನ್ನು 1789ರ ಮೇ ತಿಂಗಳಲ್ಲಿ ಸೇರಿಸಬೇಕಾಯಿತು. ವರ್ಗಕ್ಕೊಂದು ಮತವೆಂಬ ಹಳೆಯ ಪದ್ಧತಿಯಂತೆ ನಡೆದಿದ್ದರೆ, ಜನಸಂಖ್ಯೆಯಲ್ಲಿ ಶೇ. 97ಕ್ಕೂ ಹೆಚ್ಚಿದ್ದ ಮೂರನೆಯ ವರ್ಗವು ಉಳಿದೆರಡರ ಮುಂದೆ ಸೋಲುವುದು ಖಚಿತವಿತ್ತು. ಪರಮಾಧಿಕಾರ ಪ್ರಜೆಗಳದೆಂಬ ರೂಸೋವಿನ, ಅಲ್ಲಿಯವರೆಗೆ ಪಡಸಾಲೆಯ ಚರ್ಚೆಯಾಗಿದ್ದ ಮಾತು ಆ ವರ್ಗದ ವಕೀಲರ ಕೈಯಲ್ಲಿ ಆಯುಧವಾದದ್ದು ಆಗಲೇ.

ಅತ್ತ ಹಿಂದಿನ ವರ್ಷದ ಆಲಿಕಲ್ಲು ಮಳೆ ಪೈರನ್ನು ನೆಲಕಚ್ಚಿಸಿತ್ತು. ದಿನಕ್ಕೆ 20ರಿಂದ 30 ಸೂ (ಅಂದಿನ ಫ್ರೆಂಚ್ ನಾಣ್ಯ) ದುಡಿಯುವ ಪ್ಯಾರಿಸಿನ ಕೂಲಿಯವನು ನಾಲ್ಕು ಪೌಂಡಿನ ಒಂದು ಬ್ರೆಡ್ಡಿಗೆ 14 ಸೂಗಿಂತ ಹೆಚ್ಚು ತೆರಬೇಕಾಗಿತ್ತು. ಅಕ್ಟೋಬರಿನಲ್ಲಿ ಮಳೆಯಲ್ಲಿ ನೆನೆಯುತ್ತ ವರ್ಸೇಲ್ಸಿಗೆ ನಡೆದು, ದೊರೆಯನ್ನೇ ಪ್ಯಾರಿಸಿಗೆ ಕರೆತಂದ ಸಂತೆಯ ಹೆಂಗಸರು ಮೊದಲು ಕೇಳಿದ್ದು ಬ್ರೆಡ್ಡನ್ನೇ.

ಹಾಗೆಂದು ವಿಚಾರಗಳನ್ನು ಹಗುರವಾಗಿ ಕಾಣಬೇಡ. ಮನುಷ್ಯರೆಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದು 1789ರ ಆಗಸ್ಟಿನಲ್ಲಿ ಘೋಷಿಸಿದವರು ಹೆಂಗಸರಿಗೆ ಮತ ಕೊಡಲಿಲ್ಲ, ವಸಾಹತುಗಳ ಗುಲಾಮರನ್ನು ಬಿಡುಗಡೆ ಮಾಡಲಿಲ್ಲ. ಆದರೂ ಆಡಿದ ಮಾತನ್ನು ಹಿಂದಕ್ಕೆ ಪಡೆಯುವುದು ಅವರಿಂದಾಗಲಿಲ್ಲ. 1791ರಲ್ಲಿ ಲೇಖಕಿ ಓಲಾಂಪ್ ದ ಗೂಜ್ ಸ್ತ್ರೀಯರ ಹಕ್ಕುಗಳ ಘೋಷಣೆಯನ್ನು ಬರೆದಳು. ಅದೇ ವರ್ಷ ಕೆರಿಬಿಯನ್ನಿನ ಫ್ರೆಂಚ್ ವಸಾಹತಾದ ಸಾಂ-ದೊಮಾಂಗಿನ (ಇಂದಿನ ಹೈಟಿ) ಕಬ್ಬಿನ ತೋಟಗಳ ಗುಲಾಮರು ದಂಗೆಯೆದ್ದರು. 1794ರಲ್ಲಿ ಪ್ಯಾರಿಸಿನ ಸಭೆ ಗುಲಾಮಗಿರಿಯನ್ನು ರದ್ದುಪಡಿಸಿದ್ದು ಉದಾರತೆಯಿಂದಲ್ಲ, ಆ ದಂಗೆಯನ್ನು ಅಡಗಿಸಲಾಗದೆ ಎಂಬುದೇ ನನ್ನ ಎಣಿಕೆ.

ಇತಿ,
ನಿನ್ನ ಅಪ್ಪ